ಪ್ರತಾಪ್ ಮುರಿದ ಏಕಸ್ವಾಮ್ಯ

ಚೆನ್ನೈನ ಶೋಳಿಂಗನಲ್ಲೂರಿನ ಒಳರಸ್ತೆಯ ಆ ಅಪಾರ್ಟ್‌ಮೆಂಟಿಗೆ ನೀರಿಲ್ಲದಂತೆ ಮಾಡಿದ್ದು ಬೇಸಿಗೆಯೂ ಅಲ್ಲ, ಬತ್ತಿದ ಬೋರ್‌ವೆಲ್ಲೂ ಅಲ್ಲ. ಮಂಡ್ಯದ ಕಡೆಯ ಪ್ರತಾಪ್ ಹಾಜರಾಗಿ ಬಂದ ಒಂದು ದಿನದ ತರಬೇತಿ ಶಿಬಿರ.

ಪ್ರತಾಪ್ ಅಲ್ಲಿನ ಐಟಿ ಕಂಪನಿಯೊಂದರಲ್ಲಿ ಕ್ಯಾಬ್ ವಿಭಾಗ ನೋಡಿಕೊಳ್ಳುತ್ತಿದ್ದ. ಯಾವ ಕ್ಯಾಬು ಯಾರನ್ನು ಎಲ್ಲಿ ಹತ್ತಿಸಿಕೊಳ್ಳಬೇಕು, ಹತ್ತಿಸಿಕೊಳ್ಳದೆ ಹೋದರೆ ಬೈಗುಳ ಯಾರು ತಿನ್ನಬೇಕು ಎಂಬುದನ್ನು ತೀರ್ಮಾನಿಸುವುದೇ ಅವನ ಕೆಲಸ. ಎರಡನೆಯ ಪ್ರಶ್ನೆಗೆ ಉತ್ತರ ಯಾವಾಗಲೂ ಪ್ರತಾಪ್ ಎಂದೇ ಇರುತ್ತಿತ್ತು. ಮಾರುಕಟ್ಟೆಯ ಮರ್ಮವನ್ನು ತಿಳಿಸುವ ಆ ಶಿಬಿರಕ್ಕೆ ಹೋಗಬೇಕಾಗಿದ್ದದ್ದು ಅವನ ಮ್ಯಾನೇಜರು. ಆತನ ನಾದಿನಿಯ ಮದುವೆ ಅಡ್ಡ ಬಂದದ್ದರಿಂದ ಅರ್ಥಶಾಸ್ತ್ರವು ಪ್ರತಾಪನ ಪಾಲಿಗೆ ಬಂತು.

ಶಿಬಿರದಲ್ಲಿ ಪಾಠ ಹೇಳಿದ ಯುವಕ ಬಿಳಿ ಹಲಗೆಯ ಮೇಲೆ ದೊಡ್ಡ ವೃತ್ತ ಬರೆದು ನಡುವೆ ಒಂದು ಚುಕ್ಕೆ ಇಟ್ಟ. "ಇದೇ ಮೊನಾಪಲಿ, ಅಂದರೆ ಏಕಸ್ವಾಮ್ಯ. ಮಾರುವವನು ಒಬ್ಬ, ಕೊಳ್ಳುವವರು ಸಾವಿರ. ಅವನು ಹೇಳಿದ್ದೇ ಬೆಲೆ, ಕೊಟ್ಟದ್ದೇ ಮಾಲು. ಇದಕ್ಕೆ ಮದ್ದು ಸ್ಪರ್ಧೆ" ಎಂದ. ಪ್ರತಾಪ್ ರೋಮಾಂಚನಗೊಂಡ. ಮಾರುವವರೆಲ್ಲ ಒಳಗೊಳಗೇ ಕೈಜೋಡಿಸಿದರೆ ಏನಾಗುತ್ತದೆ ಎಂಬ ಪಾಠ ಊಟದ ನಂತರ ಇತ್ತು. ಊಟದಲ್ಲಿ ಮೊಸರನ್ನ ಚೆನ್ನಾಗಿದ್ದದ್ದರಿಂದ ಆ ಭಾಗವನ್ನು ಪ್ರತಾಪ್ ಕಣ್ಣು ಮುಚ್ಚಿಕೊಂಡು ಕೇಳಿದ.

ಮನೆಗೆ ಬಂದವನಿಗೆ ಎಲ್ಲಿ ನೋಡಿದರೂ ಏಕಸ್ವಾಮ್ಯವೇ ಕಂಡಿತು. ಬೀದಿಗೊಬ್ಬನೇ ಇಸ್ತ್ರಿಯವನು, ಗೇಟಿನ ಹೊರಗೆ ಒಬ್ಬಳೇ ಹೂವಿನವಳು. ಹೆಂಡತಿ ಮೌನಳಿಗೆ ಇದನ್ನೆಲ್ಲ ವಿವರಿಸಿದ. ಮೌನ ಹೆಸರಿಗೆ ಮಾತ್ರ ಮೌನ.

"ಈ ಮನೇಲಿ ಅಡಿಗೆ ಮಾಡೋಳು ನಾನೊಬ್ಳೇ. ನಂದೂ ಮೊನಾಪಲಿನೇ ಅಲ್ವೇನ್ರೀ? ತಗೊಂಬನ್ನಿ ಕಾಂಪಿಟೇಶನ್ನು, ನೋಡೇಬಿಡೋಣ" ಎಂದಳು.

ತಾಯಿ ಸಾಕಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದವಳು ತಲೆ ಎತ್ತಿ, "ಅದ್ಯಾರ್ಲಾ ಮಗ ಏಕಸ್ವಾಮಿ? ನಮ್ ಕಡೆಯೋನಾ?" ಎಂದು ಕೇಳಿದಳು.

"ಸ್ವಾಮಿ ಅಲ್ಲ ಕಣವ್ವ, ಸ್ವಾಮ್ಯ. ಈಗ ನಮಗೆ ನೀರು ತಂದಾಕ್ತಾನಲ್ಲ ಲಾರಿ ಕನ್ನಿಯಪ್ಪನ್, ಅವನದೇ ಏಕಸ್ವಾಮ್ಯ."

"ಓ, ಅವ್ನಾ" ಎಂದಳು ಸಾಕಮ್ಮ. ಕನ್ನಿಯಪ್ಪನ್‌ನ ನಿಜವಾದ ಹೆಸರು ಅವಳಿಗೆ ಅಂದು ತಿಳಿದಂತಾಯಿತು.

ಆ ಭಾನುವಾರ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನಿವಾಸಿಗಳ ಸಭೆ ಸೇರಿತು. ಸಂಘದ ಅಧ್ಯಕ್ಷೆ ವೆಂಕಟಲಕ್ಷ್ಮಿ ನಿವೃತ್ತ ಹೆಡ್‌ಮಿಸ್ಟ್ರೆಸ್. ಆಕೆ ಎದ್ದು ನಿಂತರೆ ಮೊಮ್ಮಕ್ಕಳಿರುವ ಗಂಡಸರೂ ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕನ್ನಿಯಪ್ಪನ್ ಟ್ಯಾಂಕರ್ ದರವನ್ನು ಮತ್ತೆ ಏರಿಸಿದ್ದಾನೆಂದು ಆಕೆ ಪ್ರಕಟಿಸಿದರು. ಸಭೆ ಎಂದಿನಂತೆ ನಿಟ್ಟುಸಿರು ಬಿಟ್ಟಿತು; ಉಗ್ರವಾಗಿ ಖಂಡಿಸಿ ದುಡ್ಡು ಕೊಟ್ಟುಬಿಡುವುದೆಂದು ತೀರ್ಮಾನಿಸುವುದರಲ್ಲಿತ್ತು. ಅಷ್ಟರಲ್ಲಿ ಪ್ರತಾಪ್ ಎದ್ದು, "ಇದು ಮೊನಾಪಲಿ!" ಎಂದು ಕೂಗಿದ.

"ಹಾಗಂದರೆ ಕೇಸು ಹಾಕಬಹುದಾ?" ಎಂದು ಹಿಂದಿನಿಂದ ಯಾರೋ ಆಸೆಯಿಂದ ಕೇಳಿದರು.

ಪ್ರತಾಪ್ ಅರ್ಧ ತಮಿಳು, ಅರ್ಧ ಇಂಗ್ಲಿಷಿನಲ್ಲಿ, ಎರಡೂ ಸಾಲದಾದಾಗ ಕನ್ನಡದಲ್ಲಿ, ವೃತ್ತದ ವಿಚಾರವನ್ನೂ ಚುಕ್ಕೆಯ ವಿಚಾರವನ್ನೂ ವಿವರಿಸಿದ. ಯಾರಿಗೂ ಪೂರ್ತಿ ಅರ್ಥವಾಗದ್ದರಿಂದ ಎಲ್ಲರಿಗೂ ಅದು ಬಹಳ ಆಳವಾಗಿದೆ ಅನ್ನಿಸಿತು. ವೆಂಕಟಲಕ್ಷ್ಮಿ, "ವೆರಿ ಗುಡ್. ಇನ್ನು ಮೇಲೆ ಪ್ರತಾಪ್ ಸಾರೇ ನಮ್ಮ ನೀರಿನ ಕಾರ್ಯದರ್ಶಿ" ಎಂದರು. ಚಪ್ಪಾಳೆ ಬಿತ್ತು. ಹಿಂದಿನ ನೀರಿನ ಕಾರ್ಯದರ್ಶಿ ಮನೆ ಮಾರಿಕೊಂಡು ವಿಮಾನ ನಿಲ್ದಾಣದ ಪಕ್ಕದ ಪಲ್ಲಾವರಕ್ಕೆ ಹೋಗಿದ್ದ. ವಿಮಾನಗಳ ಸದ್ದಾದರೆ ನಡುನಡುವೆ ನಿಲ್ಲುತ್ತದೆ ಎಂದು ಹೇಳಿಹೋಗಿದ್ದನಂತೆ.

ಮೆಟ್ಟಿಲ ಬಳಿ ಕೃಷ್ಣರಾಜ ರಾಯರು ಕಾದಿದ್ದರು. ಅವರು ಉಡುಪಿ ಕಡೆಯವರು; ಮೇಲಿನ ಮಹಡಿಯಲ್ಲಿ ಮನೆ, ಬೀದಿಯ ತುದಿಯಲ್ಲಿ ಸಸ್ಯಾಹಾರಿ ಹೋಟೆಲು. ಮನೆಯವರನ್ನು ಬಿಟ್ಟರೆ ಇಡೀ ಕಟ್ಟಡದಲ್ಲಿ ಪ್ರತಾಪನೊಂದಿಗೆ ಕನ್ನಡದಲ್ಲಿ ಮಾತನಾಡುವವರು ಅವರೊಬ್ಬರೇ.

"ಎಂತಕ್ಕೆ ಮಾರಾಯ್ರೆ ನಿಮಗೆ ಈ ಉಸಾಬರಿ? ಸಾಂಬಾರಿಗೆ ಉಪ್ಪು ಕಮ್ಮಿ ಆದ್ರೆ ಗಿರಾಕಿ ಕ್ಷಮಿಸ್ತಾನೆ. ನೀರು ಇಲ್ಲ ಅಂದ್ರೆ ದೇವರೂ ಹೋಟೆಲಿನ ಒಳಗೆ ಬರುದಿಲ್ಲ."

"ನಿಮ್ಮಂಥವರು ಸುಮ್ಮನಿರೋದಕ್ಕೇ ಸಾರ್, ಮೊನಾಪಲಿ ಬೆಳೆಯೋದು."

"ಬೆಳೀಲಿ ಮಾರಾಯ್ರೆ. ನೀರು ಕೊಡ್ತಾ ಬೆಳೀಲಿ" ಎಂದು ರಾಯರು ಮೆಟ್ಟಿಲು ಹತ್ತಿದರು.

ಪ್ರತಾಪ್ ಸ್ಪರ್ಧೆಯನ್ನು ಹುಡುಕಿಕೊಂಡು ಹೊರಟ. ಕನ್ನಿಯಪ್ಪನ್‌ನದು ಹಳದಿ ಲಾರಿಗಳು. ಪಕ್ಕದ ಬಡಾವಣೆಯಲ್ಲಿ ನೀಲಿ ಲಾರಿಯವನೊಬ್ಬ ಸಿಕ್ಕ. ಅದರಾಚೆ ಹಸಿರು ಲಾರಿಯವನು. ಕನ್ನಿಯಪ್ಪನ್ ಹೆಸರು ಎತ್ತಿದ್ದೇ ತಡ, ಇಬ್ಬರೂ ಬೇರೆಬೇರೆ ಕಡೆ ಕೂತು ಒಂದೇ ಬೈಗುಳವನ್ನು ಬೈದರು. ಅವನಿಗಿಂತ ಅಗ್ಗವಾಗಿ, ಬೇಕಾದರೆ ಕೈಯಿಂದ ಕಳೆದುಕೊಂಡಾದರೂ ನೀರು ಹಾಕುತ್ತೇವೆಂದರು. ಪ್ರತಾಪನಿಗೆ ಕಣ್ಣು ತುಂಬಿ ಬಂತು. ಸ್ಪರ್ಧೆ ಎಂದರೆ ಇದೇ ಅಲ್ಲವೇ?

ಅದು ಸ್ಪರ್ಧೆಯಲ್ಲ, ದಾಯಾದಿ ಜಗಳ. ನೀಲಿ ಲಾರಿಯವನು ಕನ್ನಿಯಪ್ಪನ್‌ನ ಸ್ವಂತ ತಮ್ಮ, ಹಸಿರು ಲಾರಿಯವನು ಅವರಿಬ್ಬರ ಅಕ್ಕನ ಗಂಡ. ಅಪ್ಪನ ಬಾವಿ ಪಾಲಾದಾಗ ಮಾತು ಬಿಟ್ಟವರು, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋದವರಲ್ಲ, ಸಾವಿಗೂ ಹೋದವರಲ್ಲ. ಮುಖ ನೋಡುವುದು ಬೇಡವೆಂದು ಬೀದಿಗಳನ್ನೇ ಹಂಚಿಕೊಂಡಿದ್ದರು. ಈ ಸಂಗತಿ ಶೋಳಿಂಗನಲ್ಲೂರಿನ ಚಹಾ ಅಂಗಡಿಯವರಿಗೆಲ್ಲ ಗೊತ್ತಿತ್ತು. ಪ್ರತಾಪ್ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದ.

ನೀಲಿ, ಹಸಿರು ಲಾರಿಗಳು ಬೇರೆಬೇರೆ ಹೊತ್ತಿಗೆ ಬಂದುಹೋದವು; ನೀರು ಅಗ್ಗವಾಗಿ ಹರಿಯಿತು. ಕಾರುಗಳು ದಿನಾ ಸ್ನಾನ ಮಾಡಿದವು. ಕೆಳಗಿನ ಮನೆಯವರು ತೊಟ್ಟಿಯಲ್ಲಿ ತಾವರೆ ಬೆಳೆಸಿದರು. ಲಿಫ್ಟಿನಲ್ಲಿ ಜನ ಪ್ರತಾಪನಿಗೆ ಜಾಗ ಬಿಟ್ಟು ಮೆಟ್ಟಿಲು ಹತ್ತಿದರು. ವೆಂಕಟಲಕ್ಷ್ಮಿ ಆತನನ್ನು "ನಮ್ಮ ಪ್ರತಾಪ್" ಎಂದು ಕರೆದರು. ಮೌನ ಕೂಡ ಒಂದು ಸಂಜೆ, "ಪರವಾಗಿಲ್ಲ ಕಣ್ರೀ, ನಿಮಗೂ ಏನೋ ಒಂದು ಬರತ್ತೆ" ಎಂದಳು.

ಆಗ ಕನ್ನಿಯಪ್ಪನ್ ಬಂದ. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಸೋಫಾದ ಅಂಚಿನಲ್ಲಿ ಕೂತ. ಪ್ರತಾಪ್ ಒಳಗೆ ಅಂಗಿ ಹಾಕಿಕೊಳ್ಳುತ್ತಿದ್ದಾಗ ಸಾಕಮ್ಮ ಮಜ್ಜಿಗೆ ತಂದುಕೊಟ್ಟು, "ಕುಡಿಯಪ್ಪ ಏಕಸ್ವಾಮಿ" ಎಂದಳು. ದೊಡ್ಡವರನ್ನು ಕನ್ನಡದಲ್ಲಿ ಹೀಗೆ ಗೌರವಿಸುತ್ತಾರೆಂದು ತಿಳಿದು ಅವನು ಕೈಮುಗಿದ. ಅವಳು ಕನ್ನಡದಲ್ಲಿ ಮಂಡಿನೋವಿನ ಬಗ್ಗೆ, ಅವನು ತಮಿಳಿನಲ್ಲಿ ಸೊಸೆಯ ಬಗ್ಗೆ ಮಾತಾಡಿಕೊಂಡರು. ಇಬ್ಬರಿಗೂ ಬಹಳ ಸಮಾಧಾನವಾಯಿತು.

"ಸಾರ್, ದರ ಇಳಿಸ್ತೀನಿ. ಎಷ್ಟು ಅಂತ ನೀವೇ ಹೇಳಿ" ಎಂದ ಕನ್ನಿಯಪ್ಪನ್, ಪ್ರತಾಪ್ ಬಂದ ಮೇಲೆ. "ಅವರಿಬ್ಬರನ್ನ ಮಾತ್ರ ನನ್ನ ಕಣ್ಣೆದುರಿಗೆ ತರಬೇಡಿ. ಇದು ವ್ಯಾಪಾರದ ಮಾತಲ್ಲ, ಮನೆಯ ಮಾತು."

ಇಲ್ಲಿಗೆ ಒಪ್ಪಿಕೊಂಡಿದ್ದರೆ ಪ್ರತಾಪ್ ಇವತ್ತಿಗೂ ಲಿಫ್ಟಿನಲ್ಲೇ ಓಡಾಡುತ್ತಿದ್ದ. ಆದರೆ ಅವನ ಬಾಯಿಂದ ಶಿಬಿರದ ಯುವಕ ಮಾತಾಡಿದ: "ನಥಿಂಗ್ ಪರ್ಸನಲ್, ಕನ್ನಿಯಪ್ಪನ್. ಇದು ಮಾರ್ಕೆಟ್."

"ಸರಿ ಸಾರ್" ಎಂದು ಕನ್ನಿಯಪ್ಪನ್ ಲೋಟ ಕೆಳಗಿಟ್ಟು ಹೋದ.

ಮರುದಿನ ಬೆಳಿಗ್ಗೆ ಪ್ರತಾಪನಿಗೆ ಇನ್ನೂ ದೊಡ್ಡ ಯೋಚನೆ ಬಂತು. ಮೂವರ ಲಾರಿಗಳೂ ಒಂದೇ ಹೊತ್ತಿಗೆ ಗೇಟಿಗೆ ಬರಬೇಕು, ಅಲ್ಲೇ ದರ ಕೂಗಬೇಕು, ಗೆದ್ದವನು ಒಳಗೆ ಬರಬೇಕು. ಮೂವರಿಗೂ ಫೋನು ಮಾಡಿ ಹೊತ್ತು ಗೊತ್ತುಮಾಡಿದ. ಉಳಿದವರು ಬರುವ ವಿಚಾರ ಮಾತ್ರ ಯಾರಿಗೂ ಹೇಳಲಿಲ್ಲ. ಆಫೀಸಿಗೆ ಹೊರಡುತ್ತ ಕಾವಲುಗಾರ ಏಳುಮಲೈಗೆ, ಯಾರಾದರೂ ಒಬ್ಬನದೇ ಲಾರಿ ಬಂದರೆ ಬಿಡಬೇಡ, ಮೂರೂ ಬರಲಿ ಎಂದು ಹೇಳಲು ಹೋದ. ಅವಸರದ ತಮಿಳಿನಲ್ಲಿ ಅದು, "ಒರು ಲಾರಿಯುಂ ವಿಡಾದೀಂಗ" ಎಂದಾಯಿತು. ಅಂದರೆ, ಒಂದೇ ಒಂದು ಲಾರಿಯನ್ನೂ ಬಿಡಬೇಡಿ.

ಹಿಂದಿನ ವಾರವಷ್ಟೇ ಹಾಸಿಗೆ ಮಾರುವವನನ್ನು ಒಳಗೆ ಬಿಟ್ಟು ಬೈಸಿಕೊಂಡಿದ್ದ ಏಳುಮಲೈ ಗೇಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತ.

ಹಳದಿ ಲಾರಿ ಬಂತು, ಬಿಡಲಿಲ್ಲ. ಅದರ ಹಿಂದೆ ನೀಲಿ ಬಂತು, ಅದರ ಹಿಂದೆ ಹಸಿರು. ಕಿರಿದಾದ ಬೀದಿಯಲ್ಲಿ ಯಾವುದೂ ಹಿಂದಕ್ಕೆ ಹೋಗುವಂತಿಲ್ಲ. ಹಾರನ್ ಸದ್ದಿಗೆ ನಾಯಿಗಳೂ ಮನೆ ಸೇರಿದವು. ಸುದ್ದಿ ತಿಳಿದು ಮೂವರು ಮಾಲೀಕರೂ ಬೈಕಿನಲ್ಲಿ ಬಂದಿಳಿದರು. ಎಷ್ಟೋ ವರ್ಷಗಳ ನಂತರ ಮುಖಾಮುಖಿಯಾದವರು ಮೊದಲು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದರು. ನಿವಾಸಿಗಳು ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದರು.

"ಸುಮ್ಮನೆ ಹೊಡೆದಾಡಬೇಡಿ. ಯಾರನ್ನೂ ಬಿಡೋದಿಲ್ಲ. ಒಂದು ಲಾರಿಯನ್ನೂ ಬಿಡಬೇಡಿ ಅಂತ ಸೆಕ್ರೆಟರಿ ಸಾರ್ ಆರ್ಡರು" ಎಂದ ಏಳುಮಲೈ.

ತಮ್ಮನ ಕೈ ಸಡಿಲವಾಯಿತು. ಆಗ ಅವನು ಅಣ್ಣನ ತಲೆಯನ್ನು ನೋಡಿದ. ಪೂರ್ತಿ ಬೆಳ್ಳಗಾಗಿತ್ತು.

"ಅಣ್ಣಾ, ನಿನ್ನನ್ನೂ ಬಿಡಲಿಲ್ಲವಾ?"

"ಇಲ್ಲಪ್ಪಾ" ಎಂದ ಕನ್ನಿಯಪ್ಪನ್. ಭಾವ ಅಷ್ಟರಲ್ಲೇ ಅಳಲು ಶುರುಮಾಡಿದ್ದ. ಮೂವರೂ ಗೇಟಿಗೆ ಒರಗಿ ತಬ್ಬಿಕೊಂಡು ಅತ್ತರು. ಬಾಲ್ಕನಿಯಲ್ಲಿ ಹೆಂಗಸರೂ ಕಣ್ಣೊರೆಸಿಕೊಂಡರು. ಕೆಲವರು ಫೋನಿನಲ್ಲಿ ಚಿತ್ರೀಕರಿಸಿದರು. ಆ ಗೇಟಿನ ಬಳಿ ಮುಂದೆ ಬಹಳ ದಿನ ಕಂಡ ನೀರೆಂದರೆ ಆ ಕಣ್ಣೀರೊಂದೇ.

ಮೂವರೂ ಕೂಡಿ ಚಹಾ ಕುಡಿದರು. ಲಾರಿಗಳು ತುಂಬಿದ್ದು ತುಂಬಿದ ಹಾಗೇ ಹೊರಟುಹೋದವು.

ಸಂಜೆಗೆ ನಲ್ಲಿಗಳು ಕೆಮ್ಮಿ ಸುಮ್ಮನಾದವು. ಮಾರನೆಯ ದಿನ ಪ್ರತಾಪ್ ಯಾವ ನಂಬರಿಗೆ ಫೋನು ಮಾಡಿದರೂ ಒಂದೇ ಉತ್ತರ: "ನಿಮಗೆ ಇಲ್ಲ ಸಾರ್." ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಯಾರೋ, ನಮ್ಮ ಕಾರ್ಯದರ್ಶಿ ಯಾವ ಊರಿನವರು ಎಂದು ಮುಗ್ಧವಾಗಿ ಕೇಳಿದರು. ಇನ್ನೊಬ್ಬರು ಮಂಡ್ಯ ಎಂದು ಬರೆದರು. ಆಮೇಲೆ ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ. ಸೋಮವಾರ ಆತನನ್ನು ನಮ್ಮ ಪ್ರತಾಪ್ ಎಂದಿದ್ದವರು ಬುಧವಾರ, "ಅಲ್ಲಿ ಡ್ಯಾಮು ಮುಚ್ಚಿದ್ದು ಸಾಲದೆ ಇಲ್ಲಿ ಗೇಟೂ ಮುಚ್ಚಿದರು" ಎಂದರು. ತಾವರೆ ಬಾಡಿದ ಮನೆಯವರು ಎಲ್ಲರಿಗಿಂತ ಕಟುವಾಗಿದ್ದರು.

ವೆಂಕಟಲಕ್ಷ್ಮಿ ಪ್ರತಾಪನನ್ನು ಎಳೆದುಕೊಂಡು ಪೊಲೀಸ್ ಠಾಣೆಗೆ ಹೋದರು. ಇನ್ಸ್‌ಪೆಕ್ಟರ್ ತಾಳ್ಮೆಯ ಮನುಷ್ಯ. ಪ್ರತಾಪ್ ವೃತ್ತ, ಚುಕ್ಕೆಗಳಿಂದ ಆರಂಭಿಸಿದ.

"ಆ ಮೊನಾಪಲಿ ಅನ್ನೋನು ಯಾರು? ಯಾವ ಫ್ಲಾಟಲ್ಲಿದ್ದಾನೆ?"

"ಅವನು ಮನುಷ್ಯ ಅಲ್ಲ ಸಾರ್."

"ಹೋಗಲಿ. ಗೇಟು ಹಾಕಿಸಿದ್ದು ಯಾರು?"

"ನಾನೇ ಸಾರ್."

"ಲಾರಿ ವಾಪಸು ಕಳಿಸಿದ್ದು?"

"ಅದೂ... ನಾನೇ ಸಾರ್."

"ನಿಮ್ಮ ಸ್ವಂತ ಊರು?"

"ಮಂಡ್ಯ."

ಇನ್ಸ್‌ಪೆಕ್ಟರ್ ಪೆನ್ನನ್ನು ನಿಧಾನವಾಗಿ ಕೆಳಗಿಟ್ಟರು. ಮಾರುವುದಿಲ್ಲ ಎನ್ನುವುದು ಅಪರಾಧವಲ್ಲ, ಈಗ ಮನೆಗೆ ಹೋಗಿ, ಆದಷ್ಟು ಕಮ್ಮಿ ಮಾತಾಡಿ ಎಂದು ಹೇಳಿ ಕಳಿಸಿದರು.

ಆಫೀಸಿನಲ್ಲಿ ಸ್ನಾನವಿಲ್ಲದ ಪ್ರತಾಪನ ಬಳಿ ಯಾರೂ ಕೂರಲಿಲ್ಲ. ಕ್ಯಾಬ್ ಚಾಲಕನೊಬ್ಬ ಮಾತ್ರ ಕರುಣೆಯಿಂದ ಏನಾಯಿತೆಂದು ಕೇಳಿದ. ತಣ್ಣಿ ಸಿಗದೆ ತಲೆ ಕೆಟ್ಟುಹೋಗಿದೆ, ಕೈಕಾಲು ನಡುಗುತ್ತಿವೆ ಎಂದ ಪ್ರತಾಪ್. ಚೆನ್ನೈನಲ್ಲಿ ತಣ್ಣಿ ಎಂದರೆ ನೀರೂ ಹೌದು, ಹೆಂಡವೂ ಹೌದು. ಚಾಲಕ ಅವನ ಭುಜ ತಟ್ಟಿ, "ಬಿಟ್ಟ ಹೊಸತರಲ್ಲಿ ಹಾಗೇ ಇರುತ್ತೆ ಸಾರ್. ಗಟ್ಟಿಯಾಗಿರಿ" ಎಂದ. ಮಧ್ಯಾಹ್ನದ ಹೊತ್ತಿಗೆ ಪ್ರತಾಪ್ ಕುಡಿತ ಬಿಡುತ್ತಿದ್ದಾನೆಂದು ಇಡೀ ವಿಭಾಗಕ್ಕೆ ಗೊತ್ತಾಯಿತು. ಅವನು ಯಾವತ್ತೂ ಕುಡಿದವನಲ್ಲ ಎಂಬುದನ್ನು ಈಗ ಯಾರೂ ನಂಬುವಂತಿರಲಿಲ್ಲ.

ಮೌನ ಪಕ್ಕದ ಬೀದಿಯ ಕೈಪಂಪಿನಿಂದ ಕೊಡ ಹೊತ್ತು ತಂದಳು. ಅವಳ ಹಿಂದೆ ಮುಂದೆ ಸಾಲಿನಲ್ಲಿ ಹೆಂಗಸರು ಜಾಗ ಬಿಟ್ಟು ನಿಲ್ಲುತ್ತಿದ್ದರು. "ಕಾವೇರಿನ ಊರಲ್ಲಿಟ್ಕೊಂಡು ಇಲ್ಲಿ ಯಾಕಮ್ಮ ಕೊಡ ಹಿಡ್ಕೊಂಡು ನಿಂತಿದ್ದೀಯ ಅಂತ ಕೇಳ್ತಾರೆ ಕಣ್ರೀ. ಏನು ಹೇಳ್ಲಿ? ನನ್ನ ಗಂಡಂಗೆ ಆ ಶಿಬಿರದಲ್ಲಿ ಸರ್ಟಿಫಿಕೇಟ್ ಬಂದಿದೆ ಅನ್ಲಾ?" ಎಂದಳು. ಆಮೇಲೆ ಹೆಸರಿಗೆ ತಕ್ಕ ಹಾಗೆ ಇರತೊಡಗಿದಳು. ಪ್ರತಾಪನಿಗೆ ಅದು ಮಾತಿಗಿಂತ ಭಾರವಾಯಿತು.

ರಾಯರ ಹೋಟೆಲಿಗೂ ನೀರು ನಿಂತಿತು. ಅವರೂ ಪ್ರತಾಪನ ಭಾಷೆಯವರೆಂದು ಲಾರಿಯವರಿಗೆ ಯಾರೋ ಹೇಳಿದ್ದರು. ಒಲೆ ಆರಿಸಿ, ಬಾಗಿಲು ಎಳೆದು ರಾಯರು ನೇರ ಪ್ರತಾಪನ ಮನೆಗೆ ಬಂದರು. ಬೈಯಲಿಲ್ಲ.

"ಪ್ರತಾಪರೇ, ಇನ್ನು ಮೆಟ್ಟಿಲ ಮೇಲೆ ಸಿಕ್ಕಿದ್ರೆ ಕನ್ನಡದಲ್ಲಿ ಮಾತಾಡಿಸ್ಬೇಡಿ ಆಯ್ತಾ? ತಮಿಳಲ್ಲಿ ಮಾತಾಡಿಸಿ." ಬಾಗಿಲ ತನಕ ಹೋಗಿ ಮತ್ತೆ ತಿರುಗಿದರು. "ಅದೂ ಬೇಡ."

ಕೊನೆಗೆ ನಿವಾಸಿಗಳ ನಿಯೋಗ ಕನ್ನಿಯಪ್ಪನ್‌ನ ಶೆಡ್ಡಿಗೆ ಹೋಯಿತು. ಎಲ್ಲರಿಗಿಂತ ಮುಂದೆ ಪ್ರತಾಪ್. ಅವನಾಗಿ ನಿಂತದ್ದಲ್ಲ, ಹಿಂದಿನವರು ತಳ್ಳಿದ್ದು. ಒಂದೇ ಮೇಜಿನ ಹಿಂದೆ ಅಣ್ಣ, ತಮ್ಮ, ಭಾವ ಕೂತಿದ್ದರು. ಹೊರಗೆ ನೀಲಿ, ಹಸಿರು ಲಾರಿಗಳಿಗೆ ಹಳದಿ ಬಣ್ಣ ಬಳಿಯುತ್ತಿದ್ದರು. ಪ್ರತಾಪ್ ಕೈಮುಗಿದು ಕ್ಷಮೆ ಕೇಳಿದ. ಕನ್ನಿಯಪ್ಪನ್ ಧಡಕ್ಕನೆ ಎದ್ದು ಅವನ ಕೈ ಹಿಡಿದುಕೊಂಡ.

"ನೀವು ಕ್ಷಮೆ ಕೇಳೋದಾ ಸಾರ್? ನಮ್ಮ ತಾಯಿ ಸಾಯೋವಾಗ ಕೂಡ ನಮ್ಮನ್ನ ಒಂದು ಮಾಡೋಕೆ ಆಗಲಿಲ್ಲ. ನೀವು ಒಂದು ಬೀಗ ಹಾಕಿ ಒಂದು ಮಾಡಿದ್ರಿ."

ಅದರಲ್ಲಿ ವ್ಯಂಗ್ಯವಿದೆಯೇ ಎಂದು ಪ್ರತಾಪ್ ಹುಡುಕಿದ. ಇರಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು.

ಹೊಸ ದರವನ್ನು ತಮ್ಮ ಹೇಳಿದ. ಅಣ್ಣ ಏರಿಸಿದ್ದಾಗ ಎಲ್ಲರೂ ನಿಟ್ಟುಸಿರು ಬಿಟ್ಟಿದ್ದ ದರ ಅದರ ಮುಂದೆ ದಾನದಂತಿತ್ತು. ವೆಂಕಟಲಕ್ಷ್ಮಿ ಹೆಡ್‌ಮಿಸ್ಟ್ರೆಸ್ ದನಿಯಲ್ಲಿ, ಹೀಗಾದರೆ ಬೇರೆಯವರನ್ನು ವಿಚಾರಿಸಬೇಕಾಗುತ್ತದೆ ಎಂದರು.

"ವಿಚಾರಿಸಿ ಅಮ್ಮಾ" ಎಂದ ಭಾವ, ಬಹಳ ಮರ್ಯಾದೆಯಿಂದ. "ಈ ಕಡೆಯ ಬೀದಿಗಳಿಗೆಲ್ಲ ಇನ್ನು ನಾವೇ. ಬೇರೆಯವರು ಯಾರಾದರೂ ಸಿಕ್ಕಿದರೆ ನಮಗೂ ಹೇಳಿ, ಅವರನ್ನೂ ಸೇರಿಸಿಕೊಳ್ತೀವಿ."

ವೆಂಕಟಲಕ್ಷ್ಮಿ ಸೆರಗು ಸರಿಮಾಡಿಕೊಂಡು ಕೂತರು. ಎಲ್ಲರೂ ಒಪ್ಪಿಕೊಂಡರು. ಮೂವರ ಷರತ್ತು ಇನ್ನೊಂದಿತ್ತು: ಶುಕ್ರವಾರ ಅವರ ಹೊಸ ಸಂಘದ ಉದ್ಘಾಟನೆ. ಅದಕ್ಕೆ ಮುಖ್ಯ ಅತಿಥಿ ಪ್ರತಾಪ್ ಸಾರ್. ಅದಾದ ಮಾರನೆಯ ದಿನದಿಂದ ನೀರು. ಪ್ರತಾಪ್ ಬಾಯಿ ತೆರೆಯುವ ಮೊದಲೇ ಅವನ ಬೆನ್ನ ಹಿಂದಿನವರೆಲ್ಲ, "ಬರ್ತಾರೆ, ಬರ್ತಾರೆ" ಎಂದರು.

ಶುಕ್ರವಾರ ಬಯಲಿನಲ್ಲಿ ಶಾಮಿಯಾನ. ಒಂದೇ ಬಣ್ಣದ ಲಾರಿಗಳು ಹೂವಿನ ಹಾರ ಹಾಕಿಕೊಂಡು ಮದುವೆಗೆ ಬಂದ ಬೀಗರ ಹಾಗೆ ಸಾಲಾಗಿ ನಿಂತಿದ್ದವು. ಕಾಸು ಕೊಟ್ಟು ತಂದ ಬಾಟಲಿ ನೀರಿನಲ್ಲಿ ಮುಖ ತೊಳೆದುಕೊಂಡ ನಿವಾಸಿಗಳು ರೇಷ್ಮೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ವೆಂಕಟಲಕ್ಷ್ಮಿ ಸ್ವಾಗತ ಭಾಷಣದಲ್ಲಿ ಒಗ್ಗಟ್ಟಿನ ಮಹತ್ವವನ್ನು ಹೇಳಿದರು. ಮೇ ತಿಂಗಳ ಬಿಸಿಲಿನಲ್ಲಿ ಪ್ರತಾಪನಿಗೆ ಶಾಲು ಹೊದಿಸಿದರು. ಅವನು ರಿಬ್ಬನ್ ಕತ್ತರಿಸಿದ. ನಾಲ್ಕು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು.

ಅವನಿಗೆ ಹೇಳಬೇಕೆನಿಸಿದ್ದು ಬಹಳವಿತ್ತು. ಕೊನೆಯ ಸಾಲಿನಲ್ಲಿ ಮೌನ ಅತ್ತೆಯ ಪಕ್ಕದಲ್ಲಿ ಎತ್ತಲೋ ನೋಡುತ್ತ ಕೂತಿದ್ದಳು. ಕೊಡ ಹೊತ್ತು ಅವಳ ಒಂದು ಭುಜ ತಗ್ಗಿತ್ತು. "ಯಾವಾಗಲೂ ಹೀಗೇ ಒಂದಾಗಿರಿ" ಎಂದಷ್ಟೇ ಹೇಳಿ ಮೈಕು ಕೊಟ್ಟುಬಿಟ್ಟ. ಮುಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಊಟದ ಗುತ್ತಿಗೆ ಕೃಷ್ಣರಾಜ ರಾಯರಿಗೆ ಸಿಕ್ಕಿತ್ತು. ಅವರೇ ಬಡಿಸುತ್ತ ಬಂದು, ಪ್ರತಾಪನ ಎಲೆಗೆ ಸಾರು ಹಾಕುವಾಗ "ಪೋದುಮಾ?" ಎಂದು ತಮಿಳಿನಲ್ಲಿ ಕೇಳಿದರು. ಸಾಕು ಎಂದು ಪ್ರತಾಪ್ ತಲೆಯಾಡಿಸಿದ.

ಉಂಡು ಎದ್ದವರೆಲ್ಲ ಕೈ ತೊಳೆಯಲು ಹೋದರೆ ಡ್ರಮ್ಮು ಖಾಲಿ. ಲಾರಿಗಳತ್ತ ನೋಡಿದರು. ಮೆರವಣಿಗೆಗೆ ಭಾರವಾಗಬಾರದೆಂದು ಅವನ್ನೆಲ್ಲ ಬರಿದು ಮಾಡಿ ತಂದಿದ್ದರಂತೆ. ಬಾವಿಯ ಮೋಟಾರುಗಳಿಗೂ ಅಂದು ಪೂಜೆ, ರಜೆ. ಕನ್ನಿಯಪ್ಪನ್ ತನ್ನ ಅನ್ನ ಮೆತ್ತಿದ ಕೈ ನೋಡಿಕೊಂಡು ಗಟ್ಟಿಯಾಗಿ ನಕ್ಕ. ನಿವಾಸಿಗಳೂ ನಕ್ಕರು, ಅವನಿಗಿಂತ ಸ್ವಲ್ಪ ಗಟ್ಟಿಯಾಗಿ, ಕಾಗದದಲ್ಲಿ ಬೆರಳು ಒರೆಸಿಕೊಳ್ಳುತ್ತ. "ಚಿಂತೆ ಬೇಡ ಸಾರ್. ನಾಳೆ ಬೆಳಿಗ್ಗೆ ಮೊದಲ ಲೋಡು ನಿಮಗೇ" ಎಂದ ಕನ್ನಿಯಪ್ಪನ್, ಪ್ರತಾಪನಿಗೆ.

ಶಾಲಿಗೆ ತಗಲದಂತೆ ಬಲಗೈಯನ್ನು ದೂರ ಹಿಡಿದುಕೊಂಡು ಪ್ರತಾಪ್ ಮನೆಗೆ ನಡೆದ. ದಾರಿಯಲ್ಲಿ ಸಾರು ಬೆರಳ ಮೇಲೇ ಒಣಗಿತು. ಮನೆಯಲ್ಲಿ ಕೈಪಂಪಿನಿಂದ ತಂದ ನೀರು ಒಂದು ಚೊಂಬಿನ ತಳದಲ್ಲಿ ಉಳಿದಿತ್ತು. ಮೌನ ಅದನ್ನು ಬಚ್ಚಲಿಗೆ ಒಯ್ದು ಮೊದಲು ಸಾಕಮ್ಮನ ಕೈಗೆ ಸುರಿದಳು, ಮಿಕ್ಕದ್ದನ್ನು ತನ್ನ ಕೈಗೆ ಸುರಿದುಕೊಂಡಳು. ಪ್ರತಾಪ್ ಕೈ ಚಾಚಿಕೊಂಡೇ ನಿಂತಿದ್ದ.

"ಬೆಳಿಗ್ಗೆ ಮೊದಲ ಲೋಡು ನಿಮ್ದೇ ಅಂತಲ್ವಾ, ಕಾಯಿರಿ" ಎಂದು ಅವಳು ಚೊಂಬನ್ನು ಬೋರಲು ಹಾಕಿದಳು.